ಒಂದು ಬಟ್ಟಲು ಅನ್ನ

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1954ರಲ್ಲಿ ತೆರೆಗೆ ತಂದ ‘ಸೆವೆನ್ ಸಮುರಾಯ್’ ಚಿತ್ರವನ್ನು ನಿನ್ನೆ ರಾತ್ರಿ ಮತ್ತೊಮ್ಮೆ ನೋಡಿದೆ. ಸುಮಾರು ಮೂರೂವರೆ ಗಂಟೆಯ ಈ ಚಿತ್ರದಲ್ಲಿ ಮಳೆ, ಕೆಸರು, ಕುದುರೆಗಳ ನಡುವಿನ ಕೊನೆಯ ಕಾಳಗವನ್ನೇ ಎಲ್ಲರೂ ಕೊಂಡಾಡುತ್ತಾರೆ. ನನ್ನ ಮನಸ್ಸು ಮಾತ್ರ ಪ್ರತಿ ಸಲವೂ ಅನ್ನದ ಬಳಿಯೇ ನಿಲ್ಲುತ್ತದೆ. ಡಕಾಯಿತರ ಕಾಟಕ್ಕೆ ಬೆಂದ ಹಳ್ಳಿಗರು, ತಮ್ಮ ಕಾವಲಿಗಾಗಿ ರೋನಿನ್‌ಗಳನ್ನು, ಅಂದರೆ ಒಡೆಯನಿಲ್ಲದೆ ಅಲೆಯುವ ಸಮುರಾಯ್ ಯೋಧರನ್ನು, ಹುಡುಕಿಕೊಂಡು ಪಟ್ಟಣಕ್ಕೆ ಬಂದಾಗ ಅವರು ಕೊಡಬಲ್ಲದ್ದು ಊಟವೊಂದನ್ನೇ. ಆ ಅಕ್ಕಿಯೂ ಕಳುವಾದ ಮೇಲೆ ಯೋಹೇ ಎಂಬ ಬಡ ರೈತ ನೆಲಕ್ಕೆ ಚೆಲ್ಲಿದ ಕಾಳುಗಳನ್ನು ಒಂದೊಂದಾಗಿ ಆಯುತ್ತಾನೆ. ತಾವು ಕಿರುಧಾನ್ಯ ತಿಂದು ಸಮುರಾಯ್‌ಗಳಿಗೆ ಬಿಳಿ ಅನ್ನ ಬಡಿಸುವ ಇವರ ಪಾಡನ್ನು, ಅದುವರೆಗೂ ಗೇಲಿ ಮಾಡುತ್ತಿದ್ದ ಕೂಲಿಯವನೊಬ್ಬ ಬಟ್ಟಲನ್ನು ಮುಂದೆ ಹಿಡಿದು ಬಿಡಿಸಿ ಹೇಳಿದಾಗ, ಹಿರಿಯ ಸಮುರಾಯ್ ಕಾಂಬೇ ಅದನ್ನು ಕೈಗೆ ತೆಗೆದುಕೊಂಡು, ಈ ಅನ್ನವನ್ನು ವ್ಯರ್ಥಗೊಳಿಸೆನೆಂದು ಮಾತು ಕೊಡುತ್ತಾನೆ. ಕಾಂಬೇ ಪಾತ್ರದ ತಕಾಶಿ ಶಿಮುರಾ ಅವರ ಅಭಿನಯದಲ್ಲಿ ಆಗ ವೀರಾವೇಶದ ಸುಳಿವೂ ಇಲ್ಲ. ನಾವು ಅನ್ನದ ಋಣ ಎನ್ನುವುದನ್ನು ಇಷ್ಟು ಮೆಲುದನಿಯಲ್ಲಿ ತೋರಿಸಿದ ಇನ್ನೊಂದು ದೃಶ್ಯವನ್ನು ನಾನು ಕಂಡಿಲ್ಲ. ಆ ಋಣಕ್ಕೆ ಏಳು ಜನರಲ್ಲಿ ನಾಲ್ವರು ಪ್ರಾಣ ತೆರುತ್ತಾರೆ; ದಿಬ್ಬದ ಸಮಾಧಿಗಳ ಮೇಲೆ ಕತ್ತಿಗಳು ನೆಟ್ಟು ನಿಂತಿರುವಾಗ, ಕೆಳಗಿನ ಗದ್ದೆಯಲ್ಲಿ ಹಾಡಿನೊಂದಿಗೆ ನಾಟಿ ಸಾಗಿರುತ್ತದೆ.