ಟ್ರೇಲರ್ ಎಳೆದುಕೊಂಡು ಡೆನ್ವರ್‌ನಿಂದ ಮೋಯಾಬ್‌ಗೆ: ಏರು, ಇಳಿಜಾರು, ಗೇರು

ಬೇಸಿಗೆಯಲ್ಲಿ ಪಿಕಪ್ ಹಿಂದೆ ಕ್ಯಾಂಪರ್ (ಒಳಗೇ ಮಲಗಬಹುದಾದ ಟ್ರೇಲರ್) ಕಟ್ಟಿಕೊಂಡು ಅಮೆರಿಕದ ಡೆನ್ವರ್‌ನಿಂದ ಐ-70 ಹೆದ್ದಾರಿಯಲ್ಲಿ ಯೂಟಾದ ಮೋಯಾಬ್‌ಗೆ ಹೋಗಿ ಬಂದೆವು. ಇಲ್ಲಿನ ಕನ್ನಡದ ಗೆಳೆಯರೆಲ್ಲ ಕೇಳುವುದು ಒಂದೇ: ‘ನನ್ನ ಗಾಡಿ ಎಳೆಯುತ್ತಾ?’ ಎಳೆಯುತ್ತೆ. ಆದರೆ ಎಷ್ಟು ಸ್ಪೀಡಲ್ಲಿ, ಇಳಿಯುವಾಗ ಹೇಗೆ ಅಂತ ಯಾರೂ ಕೇಳಲ್ಲ.

ದಾರಿಯಲ್ಲಿ ಅತಿ ಎತ್ತರದ ಜಾಗ ಐಸೆನ್‌ಹೋವರ್ ಸುರಂಗ, 11,158 ಅಡಿ. ಡೆನ್ವರ್ ಕಡೆಯಿಂದ ಏರು ಉದ್ದ, ಆದರೆ ಪರವಾಗಿಲ್ಲ. ವಾಪಸ್ ಬರುವಾಗ ಸಿಲ್ವರ್‌ಥಾರ್ನ್ ಊರಿನಿಂದ ಸುರಂಗದವರೆಗಿನ ಸುಮಾರು 8 ಮೈಲಿಯೇ ಕಷ್ಟದ್ದು. ಕೆಲವು ಕಡೆ 7% ಏರು, ಅಂದರೆ 100 ಅಡಿ ಮುಂದೆ ಹೋದರೆ 7 ಅಡಿ ಮೇಲೆ.

ಸುಮ್ನೆ ಒಂದು ಲೆಕ್ಕ ಹಾಕಿ. ಗಾಡಿ, ಟ್ರೇಲರ್, ಮನೆಮಂದಿ ಎಲ್ಲ ಸೇರಿ 12,000 ಪೌಂಡ್ ಅಂದುಕೊಳ್ಳಿ. 7% ಏರಿನಲ್ಲಿ ಆ ಭಾರ 840 ಪೌಂಡ್ ಬಲದಿಂದ ಹಿಂದಕ್ಕೆ ಜಗ್ಗುತ್ತೆ. ಗಂಟೆಗೆ 60 ಮೈಲಿಯಲ್ಲಿ ಹತ್ತಬೇಕಾದರೆ ಅದಕ್ಕೇ ಸುಮಾರು 135 ಎಚ್‌ಪಿ (ಹಾರ್ಸ್‌ಪವರ್) ಬೇಕು. ಗಾಳಿ ಮತ್ತು ಟೈರಿನ ಲೆಕ್ಕ ಬೇರೆ. 45ಕ್ಕೆ ಇಳಿದರೆ 100 ಸಾಕು.

395 ಎಚ್‌ಪಿ ಇಂಜಿನ್ ಇದೆಯಲ್ಲ ಅಂತೀರಾ? ಟರ್ಬೋ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಸಾಧನ) ಇಲ್ಲದಿದ್ದರೆ, ಎತ್ತರದಲ್ಲಿ ಗಾಳಿ ತೆಳುವಾಗಿ ಪ್ರತಿ 1,000 ಅಡಿಗೆ ಸುಮಾರು 3% ಶಕ್ತಿ ಹೋಗುತ್ತೆ. ಸುರಂಗದ ಹತ್ತಿರ ಮೂರನೇ ಒಂದು ಭಾಗ ಮಾಯ. ಉಳಿದದ್ದೂ ಪೂರ್ತಿ ಸಿಗುವುದು 5,500 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಆಸುಪಾಸಿನಲ್ಲಿ. 3,000ದಲ್ಲಿ ಸಿಗೋದು ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದಕ್ಕೇ ಗಾಡಿ ತಾನಾಗಿ ಎರಡು ಗೇರ್ ಇಳಿಸಿ 4,500ರಲ್ಲಿ ಕಿರುಚುತ್ತೆ. ಪಕ್ಕದಲ್ಲಿ ಕೂತವರು ‘ಏನಾಯ್ತು?’ ಅಂತ ಗಾಬರಿಯಾಗುತ್ತಾರೆ. ಏನೂ ಆಗಿಲ್ಲ, ಕಿರುಚಲಿ ಬಿಡಿ. ಟೆಂಪರೇಚರ್ ಮುಳ್ಳಿನ ಮೇಲೆ ಕಣ್ಣಿರಲಿ. ಅದು ಏರತೊಡಗಿದರೆ ಬಲಗಡೆ ಲೇನ್‌ಗೆ ಹೋಗಿ 40ರಲ್ಲಿ ಹತ್ತಿ. ಲಾರಿಗಳೂ ಅಲ್ಲೇ ಇರುತ್ತವೆ, ನಾಚಿಕೆ ಯಾಕೆ?

ಆಕ್ಸಲ್ ರೇಷಿಯೋ (ಚಕ್ರ ಒಂದು ಸುತ್ತು ತಿರುಗಲು ಡ್ರೈವ್‌ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನೋ ಅಂಕಿ) ಬಗ್ಗೆ ಎಲ್ಲರೂ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. 3.21 ಬದಲು 3.92 ಇದ್ದರೆ ಅದೇ ಗೇರ್‌ನಲ್ಲಿ ಚಕ್ರಕ್ಕೆ 22% ಜಾಸ್ತಿ ಎಳೆತ ಸಿಗುತ್ತೆ, ನಿಜ. ನಿಂತಲ್ಲಿಂದ ಹೊರಡುವಾಗ ಅದು ಚೆನ್ನಾಗಿ ಗೊತ್ತಾಗುತ್ತೆ. ಆದರೆ ಈಗಿನ ಎಂಟು, ಹತ್ತು ಗೇರಿನ ಗಾಡಿಗಳು ಓಡುವಾಗ ಒಂದು ಗೇರ್ ಇಳಿಸಿ ಆ ಕೊರತೆ ತುಂಬಿಕೊಳ್ಳುತ್ತವೆ. ಗೇರ್ ಶಕ್ತಿಯನ್ನು ಹುಟ್ಟಿಸಲ್ಲ, ಇರುವುದನ್ನು ಹೊರಗೆ ತರುತ್ತೆ. ದುಡ್ಡಿದ್ದರೆ ನಾನು ಮೊದಲು ಟರ್ಬೋ ನೋಡುತ್ತೇನೆ, ಆಮೇಲೆ ಆಕ್ಸಲ್.

ಇನ್ನು ಜಾಹೀರಾತಿನ ಟೋಯಿಂಗ್ ಅಂಕಿ ನಂಬಬೇಡಿ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ ಪೇಲೋಡ್ (ಗಾಡಿ ಹೊರಬಹುದಾದ ಭಾರ) ಎಷ್ಟು ಅಂತ ಓದಿ. 6,000 ಪೌಂಡ್ ಟ್ರೇಲರ್ ಹಿಚ್ (ಟ್ರೇಲರ್ ಕಟ್ಟುವ ಕೊಕ್ಕೆ) ಮೇಲೆ 600ರಿಂದ 900 ಪೌಂಡ್ ಹೇರುತ್ತೆ. ಅದರ ಮೇಲೆ ನಾಲ್ಕು ಜನ, ಐಸ್ ಬಾಕ್ಸ್, ಅಕ್ಕಿ ಮೂಟೆ. ಎಳೆಯುವ ತಾಕತ್ತು ಮುಗಿಯುವ ಮೊದಲೇ ಹೊರುವ ತಾಕತ್ತು ಮುಗಿದಿರುತ್ತೆ.

ನನಗೆ ಏರಿಗಿಂತ ಇಳಿಜಾರಿನದೇ ಯೋಚನೆ. ಹೋಗುವಾಗ ಸುರಂಗದಿಂದ ಹೊರಬಿದ್ದ ಕೂಡಲೇ 7% ಇಳಿಜಾರು ಶುರು. ಬ್ರೇಕ್ ಹೋದ ಲಾರಿಗಳಿಗೆ ಅಂತ ಪಕ್ಕದಲ್ಲೇ ಜಲ್ಲಿ ತುಂಬಿದ ದಾರಿ ಮಾಡಿಟ್ಟಿದ್ದಾರೆ ಅಂದರೆ ಲೆಕ್ಕ ಹಾಕಿ. ಸುರಂಗದೊಳಗೇ ಸ್ಪೀಡ್ ತಗ್ಗಿಸಿ, ಟೋ-ಹಾಲ್ ಮೋಡ್ (ಭಾರ ಎಳೆಯುವಾಗ ಗೇರ್ ಕೆಳಗೇ ಹಿಡಿದಿಡುವ ಸ್ವಿಚ್) ಹಾಕಿ, ಕೈಯಾರೆ ಗೇರ್ ಇಳಿಸಿ. ಹತ್ತುವ ಗೇರಿನಲ್ಲೇ ಇಳಿ ಅಂತ ನಮ್ಮ ಘಾಟಿ ಲಾರಿ ಡ್ರೈವರ್‌ಗಳು ಹೇಳ್ತಾರಲ್ವಾ, ಅದು ಇಲ್ಲೂ ಸರಿ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. 50 ದಾಟಿದರೆ ಗಟ್ಟಿಯಾಗಿ ಒತ್ತಿ 40ಕ್ಕೆ ತಂದು ಪೂರ್ತಿ ಬಿಟ್ಟುಬಿಡಿ, ಆರಲಿ. ಟ್ರೇಲರ್ ಬ್ರೇಕ್ ಕೆಲಸ ಮಾಡುತ್ತಾ ಅಂತ ಮನೆ ಹತ್ತಿರವೇ ಪರೀಕ್ಷೆ ಮಾಡಿ ಹೊರಡಿ.

ಮುಂದೆ ವೇಲ್ ಪಾಸ್ ಅನ್ನೋ ಘಾಟಿ, 10,662 ಅಡಿ. ಅಲ್ಲೂ ಇದೇ ಕಥೆ.

ಭಾನುವಾರ ಮಧ್ಯಾಹ್ನ ಡೆನ್ವರ್ ಕಡೆ ಬರಬೇಡಿ. ಏರಿನಲ್ಲಿ ಟ್ರೇಲರ್ ಸಮೇತ ನಿಂತು ನಿಂತು ಸಾಗೋದು ಇಂಜಿನ್‌ಗೂ ನಿಮಗೂ ಶಿಕ್ಷೆ. ಮೈಲೇಜ್ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳುತ್ತೆ, ಹಾಗಾಗಿ ಗ್ರ್ಯಾಂಡ್ ಜಂಕ್ಷನ್ ಅಥವಾ ಫ್ರೂಟಾದಲ್ಲಿ ಟ್ಯಾಂಕ್ ತುಂಬಿಸಿಬಿಡಿ. ಅಲ್ಲಿಂದ ಮುಂದೆ ಬಂಕ್ ಕಮ್ಮಿ, ಟ್ರೇಲರ್ ತಿರುಗಿಸಲು ಜಾಗ ಇರುವ ಬಂಕ್ ಇನ್ನೂ ಕಮ್ಮಿ.