ಕೂರಿಗೆ ನಿಂತಿಲ್ಲ, ಬೆಳೆಹಬ್ಬ ಬಂದಿದೆ

ಧಾರವಾಡ, ಬುಧವಾರ, 8 ಅಕ್ಟೋಬರ್ 2025

ಕಳೆದ ಗುರುವಾರ ಓಣಿಯ ಮಂದಿ ಮನೆಗೆ ಬಂದು, "ಬನ್ನಿ ತೊಗೊಂಡು ಬಂಗಾರದ್ಹಂಗ ಇರೂಣ್ರಿ" ಎಂದು ಬನ್ನಿ ಕೊಟ್ಟು ಹೋದರು. ಭಾನುವಾರ ನಮ್ಮ ಕ್ರೈಸ್ತ ಸಭೆಯ ಬೆಳೆಹಬ್ಬ, ಅಂದರೆ ಬೆಳೆಗಾಗಿ ದೇವರಿಗೆ ಕೃತಜ್ಞತೆ ಹೇಳುವ ಹಬ್ಬ, ನಡೆಯಿತು. ಅದರ ಬೆನ್ನಿಗೇ ಸೀಗಿ ಹುಣ್ಣಿಮೆ ಬಂದು, ಅಮ್ಮಿನಭಾವಿಯ ಗೆಳೆಯನ ಹೊಲದಲ್ಲಿ ಚರಗ, ಅಂದರೆ ನೆಲಕ್ಕೆ ಉಣಿಸುವ ಎಡೆ, ಚೆಲ್ಲಿದ ಮೇಲೆ ಎಲ್ಲರೂ ಕೂಡಿ ಉಂಡು ಬಂದೆವು. ಈ ಸಂಭ್ರಮಗಳ ನಡುವೆ ಸಭೆಯ ಸಮಿತಿಯಲ್ಲಿ ಒಂದು ಮಾತು ಎದ್ದಿದೆ: ಬೆಳೆಹಬ್ಬವನ್ನು ಅಕ್ಟೋಬರಿನಿಂದ ತೆಗೆದು, ಸಂಕ್ರಾಂತಿ ಮುಗಿದ ಮೇಲೆ ಜನವರಿಯ ಕೊನೆಗೆ ಇಟ್ಟುಕೊಂಡರೆ ಹೇಗೆ ಎಂಬುದು. ಆ ಮಾತು ಇನ್ನೂ ಬಿಸಿಯಾಗಿರುವಾಗಲೇ ಈ ವಾರವನ್ನು ಬರೆದಿಡುತ್ತಿದ್ದೇನೆ.

ಮಾತೆತ್ತಿದವರು ನವಲಗುಂದದ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಒಬ್ಬ ಹಿರಿಯರು, ಇಂದಿಗೂ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ, ಕೊಡದೆ ತಾವೇ ಮಾಡಿಸುವವರು. "ಜ್ವಾಳಾ ಬಿತ್ತೂ ಹೊತ್ತಿನ್ಯಾಗ ಸುಗ್ಗಿ ಹಬ್ಬ ಯಾತರದ್ರಿ?" ಎಂದು ಅವರು ಕೇಳಿದಾಗ ಸಮಿತಿಯಲ್ಲಿ ಯಾರಿಗೂ ಚಟ್ಟನೆ ಉತ್ತರ ಹೊಳೆಯಲಿಲ್ಲ. ಅವರ ಪ್ರಶ್ನೆಯಲ್ಲಿ ಹುರುಳಿದೆ. ನಮ್ಮ ಸಭೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಬೇರಿನಿಂದ ಬಂದದ್ದು. 1834ರಲ್ಲಿ ಮಂಗಳೂರಿನಲ್ಲಿ ಕೆಲಸ ಆರಂಭಿಸಿದ ಆ ಮಿಶನ್, 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ, 1841ರಲ್ಲಿ ಗದಗಿನ ಮಗ್ಗುಲಿನ ಬೆಟಗೇರಿಯಲ್ಲಿ ನೆಲೆಗಳನ್ನು ತೆರೆಯಿತು. ಬಂದವರಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ಊರುಗಳವರು. ಜರ್ಮನಿಯ ಸಭೆಗಳಲ್ಲಿ ಕೊಯ್ಲಿನ ಕೃತಜ್ಞತೆಯ ಆರಾಧನೆ ನಡೆಯುವುದು ವಾಡಿಕೆಯಾಗಿ ಅಕ್ಟೋಬರಿನ ಮೊದಲ ಭಾನುವಾರ. ಅಷ್ಟು ಹೊತ್ತಿಗೆ ಅಲ್ಲಿ ಧಾನ್ಯ ಕಣಜ ಸೇರಿ, ಆಲೂಗಡ್ಡೆಯೂ ಸೇಬೂ ನೆಲಮಾಳಿಗೆ ಸೇರಿ, ಮರಗಳ ಎಲೆ ಹಳದಿಯಾಗಿ, ಮುಂದೆ ಚಳಿಯ ತಿಂಗಳುಗಳು ಕಾದಿರುತ್ತವೆ. ಅವರ ಪಾಲಿಗೆ ಶರತ್ಕಾಲವೆಂದರೆ ವರ್ಷದ ಲೆಕ್ಕ ಮುಗಿಸುವ ಕಾಲ.

ನಮ್ಮ ಎರಿ ಹೊಲದ, ಅಂದರೆ ಕರಿಮಣ್ಣಿನ ಹೊಲದ, ಲೆಕ್ಕ ಬೇರೆ. ಇಲ್ಲಿ ಮುಂಗಾರಿಯ ಹೆಸರುಕಾಳಿನ ಬೆಳೆ ಆಗಸ್ಟ್ ಕೊನೆಯ ಹೊತ್ತಿಗೇ ಕಿತ್ತು ಬಂದಿರುತ್ತದೆ. ಸೋಯಾ, ಉಳ್ಳಾಗಡ್ಡಿ, ಶೇಂಗಾ ಈಗ ಬರುತ್ತಿವೆ. ಗೋವಿನಜೋಳದ ತೆನೆ ಒಣಗುತ್ತಿದೆ. ಹತ್ತಿ ಆಗಲೋ ಈಗಲೋ ಒಡೆಯುವಂತಿದೆ. ಆದರೆ ಹೆಸರು ಕಿತ್ತ ಹೊಲವನ್ನೇ ಹರಗಿ, ಉತ್ತರಿ ಹಸ್ತಾ ಮಳೆಗಳ ಹಸಿಯನ್ನು ನಂಬಿ, ಅದೇ ದಿನಗಳಲ್ಲಿ ಹಿಂಗಾರಿ ಜೋಳವನ್ನೂ ಕಡಲೆಯನ್ನೂ ಕುಸುಬಿಯನ್ನೂ ಬಿತ್ತಬೇಕು. ಮುಂದಿನ ನಾಲ್ಕು ತಿಂಗಳು ಮಳೆ ಬಾರದಿದ್ದರೂ, ಕರಿಮಣ್ಣು ಹಿಡಿದಿಟ್ಟ ನೀರಿನ ಮೇಲೆಯೇ ಜೋಳ ತೆನೆಗಟ್ಟುತ್ತದೆ. ಹೀಗಾಗಿ ಅಕ್ಟೋಬರಿನಲ್ಲಿ ನಮ್ಮ ರೈತನ ಒಂದು ಕೈ ಕಣದಲ್ಲಿ, ಇನ್ನೊಂದು ಕೈ ಕೂರಿಗೆಯ ಮೇಲೆ. ನಮ್ಮ ಮುಖ್ಯ ಅನ್ನವಾದ ಬಿಳಿಜೋಳದ ರಾಶಿಯಾಗುವುದು ಚಳಿಗಾಲ ಕಳೆಯುವ ಹೊತ್ತಿಗೆ. ಜರ್ಮನ್ ಪಾದ್ರಿ ಅಯ್ಯನವರು ತಮ್ಮ ಊರಿನ ದಿನವನ್ನು ನಮ್ಮ ಹೊಲದ ಮೇಲೆ ಹೊರಿಸಿಹೋದರು ಎಂಬ ದೂರು ಪೂರ್ತಿ ಸುಳ್ಳಲ್ಲ. ಬೇಸಾಯದ ವಿಷಯದಲ್ಲಿ ಈ ಮಣ್ಣು ಅವರಿಗೆ ಸುಲಭವಾಗಿ ಒಲಿದೂ ಇರಲಿಲ್ಲ; 1840ರ ದಶಕದಲ್ಲಿ ಗದಗಿನ ಹತ್ತಿರದ ಮಲ್ಲಸಮುದ್ರದಲ್ಲಿ ಬೇಸಾಯದ ವಸತಿಯೊಂದನ್ನು ಕಟ್ಟಲು ಹೋಗಿ ಅದು ನೆಲೆಯೂರದೆ ಹೋದದ್ದು ಮಿಶನ್ ಚರಿತ್ರೆಯಲ್ಲೇ ಇದೆ.

ಶನಿವಾರ ಸಂಜೆ ದೇವಾಲಯ ಸಿಂಗರಿಸಲು ನಾವು ಮನೆಯವರೆಲ್ಲ ಹೋಗಿದ್ದೆವು. ಸಭೆಯ ಶಿಕ್ಷಕರಲ್ಲಿ ಬಹಳ ಮಂದಿಗೆ ಸರ್ಕಾರದ ಸಮೀಕ್ಷೆಯ ಕೆಲಸ ಬಿದ್ದಿದ್ದರಿಂದ ಕೈ ಕಡಿಮೆಯಿದ್ದವು, ಯುವಜನ ಸಂಘದ ಹುಡುಗರೇ ಕಬ್ಬು ಬಾಳೆ ಹೊತ್ತು ತಂದರು. ನಮ್ಮ ಊರು ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಕುಳಿತಿರುವುದರ ಲಾಭ ವೇದಿಕೆಯ ಮುಂದೆ ಕಾಣುತ್ತದೆ. ಕಲಘಟಗಿಯ ಕಡೆಯವರು ಭತ್ತದ ಹಸಿರು ತೆನೆ ತಂದರೆ, ಅಣ್ಣಿಗೇರಿಯ ಕಡೆಯವರು ಉಳ್ಳಾಗಡ್ಡಿಯ ಚೀಲ ತರುತ್ತಾರೆ. ನವಲೂರಿನ ಪೇರಲಹಣ್ಣಿನ ಬುಟ್ಟಿ ಇಟ್ಟ ಕಡೆ ಮಕ್ಕಳು ಕದಲುವುದಿಲ್ಲ. ಹೊಲವಿಲ್ಲದವರೂ ತಮ್ಮ ಕೈಕೆಲಸವನ್ನೇ ತರುವ ಪದ್ಧತಿ ನಮ್ಮಲ್ಲಿದೆ. ಬೆಟಗೇರಿಯ ನನ್ನ ಭಾವನವರು ಮಗ್ಗದಿಂದ ಇಳಿಸಿದ ಸೀರೆಯೊಂದನ್ನು ತಂದಿದ್ದರು, ಬಡಿಗತನದ ಮನೆಯವರು ಒಂದು ಮಣೆ, ದವಾಖಾನೆಯ ನರ್ಸಮ್ಮನೊಬ್ಬರು ತಮ್ಮ ಹಿತ್ತಲಿನ ಕರಿಬೇವಿನ ಸಸಿ.

ನನಗೆ ಒಪ್ಪದ ಸಂಗತಿಯೊಂದಿದೆ, ಅದನ್ನೂ ಬರೆಯುತ್ತೇನೆ. ಇತ್ತೀಚೆಗೆ ಪೇಟೆಯ ಮಂದಿ ಅಂಗಡಿಯಿಂದ ಸೇಬುಹಣ್ಣಿನ ಪೆಟ್ಟಿಗೆಯನ್ನೋ ಬಿಸ್ಕೀಟಿನ ಪ್ಯಾಕೆಟನ್ನೋ ತಂದು, ಬೆಲೆಯ ಚೀಟಿಯನ್ನೂ ಕೀಳದೆ ವೇದಿಕೆಯ ಮುಂದೆ ಇಟ್ಟುಬಿಡುತ್ತಾರೆ. ಕೊಟ್ಟದ್ದನ್ನು ಹೀಗಳೆಯಬಾರದು, ನಿಜ. ಆದರೂ ಮನೆಯ ಕುಂಡದಲ್ಲಿ ಬೆಳೆದ ನಾಲ್ಕು ಹಸಿಮೆಣಸಿನಕಾಯಿಯನ್ನು ತಂದವರು ಹಬ್ಬವನ್ನು ಹೆಚ್ಚು ತಿಳಿದವರೆಂದೇ ನನ್ನ ತೀರ್ಮಾನ.

ಭಾನುವಾರದ ಆರಾಧನೆಯಲ್ಲಿ, ನೇಗಿಲ ಸಾಲುಗಳನ್ನು ಮಳೆ ತೋಯಿಸಿ ಹೆಂಟೆಗಳನ್ನು ಮೆತ್ತಗೆ ಮಾಡುವ ಮಾತಿರುವ ಬೈಬಲಿನ 65ನೆಯ ಕೀರ್ತನೆಯನ್ನು ಓದಿದರು. ನಮ್ಮ ಸಭಾಪಾಲಕರಾದ ಅಯ್ಯನವರ ಪ್ರಸಂಗ ಈ ಸಲ ಉದ್ದವಾದರೂ ಬೇಸರ ತರಲಿಲ್ಲ. ಯಾಜಕಕಾಂಡದ 23ನೆಯ ಅಧ್ಯಾಯದಲ್ಲಿ ಹೇಳಿರುವ ಪರ್ಣಶಾಲೆಗಳ ಜಾತ್ರೆ ಎಂಬ ಸುಗ್ಗಿಯ ಹಬ್ಬ ಏಳನೆಯ ತಿಂಗಳ ಹದಿನೈದನೆಯ ದಿನ ಆರಂಭವಾಗುತ್ತದೆ. ಇಸ್ರಾಯೇಲ್ಯರ ತಿಂಗಳು ಚಂದ್ರನ ಲೆಕ್ಕದ್ದಾದ್ದರಿಂದ ಅದು ಹುಣ್ಣಿಮೆಯ ಹಬ್ಬವೇ ಆಯಿತು. ಈ ವರ್ಷ ಯೆಹೂದ್ಯರು ಆ ಹಬ್ಬವನ್ನು ಆರಂಭಿಸುವುದು ಸೋಮವಾರ ಸಂಜೆ, ಅಂದರೆ ನಮ್ಮ ಸೀಗಿ ಹುಣ್ಣಿಮೆಯ ಚಂದ್ರನ ಕೆಳಗೇ ಎಂದು ಅಯ್ಯನವರು ಹೇಳಿದಾಗ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ನವಲಗುಂದದ ಹಿರಿಯರ ಕಡೆ ಹಲವರು ತಿರುಗಿ ನೋಡಿದರು. ಅವರು ಮಾತ್ರ ಮುಖ ಅಲುಗಿಸಲಿಲ್ಲ.

ಅಯ್ಯನವರು ಆಮೇಲೆ ಹೊರಳಿದ್ದು ಬೈಬಲಿನ ಬಡ ವಿಧವೆ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯ್ದ, ಅಂದರೆ ಕೊಯ್ದ ಮೇಲೆ ಉಳಿದ ತೆನೆ ಆಯ್ದ, ಕಥೆಗೆ. ಹೊಲದ ಮೂಲೆಗಳನ್ನು ಪೂರ್ತಿ ಕೊಯ್ಯದೆ ಬಡವನಿಗೂ ಪರದೇಶಿಗೂ ಬಿಡಬೇಕೆಂಬ ನೇಮ ಅಲ್ಲಿತ್ತು. ನಮ್ಮಲ್ಲಿಯೂ ಶೇಂಗಾ ಕಿತ್ತ ಹೊಲಕ್ಕೆ ಹಕ್ಕಲು ಆಯಲು ಬಂದವರನ್ನು ಯಾವ ಒಕ್ಕಲಿಗನೂ ಅಟ್ಟುವುದಿಲ್ಲ. ಈ ಮಾತು ನಮ್ಮ ಸಭೆಗೆ ಬೇರೆ ರೀತಿಯಲ್ಲಿ ನಾಟುತ್ತದೆ. 1876ರಿಂದ 78ರವರೆಗಿನ ಮಹಾ ಬರದಲ್ಲಿ ಧಾರವಾಡ ಜಿಲ್ಲೆ ನಲುಗಿದಾಗ, ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳನ್ನು ಮಿಶನ್ ತನ್ನ ಅನಾಥಾಲಯಗಳಿಗೆ ಸೇರಿಸಿಕೊಂಡಿತು. ಹುಬ್ಬಳ್ಳಿ, ಧಾರವಾಡ, ಗದಗಿನ ಸಭೆಗಳ ಹಲವು ಮನೆತನಗಳ ಕಥೆ ಆ ಮಕ್ಕಳಿಂದ ಶುರುವಾಗುತ್ತದೆ. ನನ್ನ ಅವ್ವನ ತವರಿನ ಕಥೆಯೂ ಅದೇ. ಅವರ ಮನೆಯಲ್ಲಿ ಇಂದಿಗೂ ಜೋಳ ಹಸನು ಮಾಡುವಾಗ ಕಾಳು ಅಂಗಳಕ್ಕೆ ಹಾರಿದರೆ, ಎಂಬತ್ತು ದಾಟಿದ ದೊಡ್ಡವ್ವ ಕುಳಿತಲ್ಲಿಂದಲೇ ಗದರಿ ಮೊಮ್ಮಕ್ಕಳ ಕೈಯಿಂದ ಆಯಿಸುತ್ತಾಳೆ.

ಆರಾಧನೆ ಮುಗಿದು, ತಂದಿಟ್ಟ ಕಾಣಿಕೆಗಳ ಲಿಲಾವು, ಅಂದರೆ ಹರಾಜು, ಶುರುವಾದಾಗ ಹಬ್ಬಕ್ಕೆ ನಿಜವಾದ ಕಳೆ ಬಂದಿತು. ರೈಲ್ವೆಯಿಂದ ನಿವೃತ್ತರಾದ ಒಬ್ಬ ಕಾಕಾ ಮೊದಲಿನಿಂದಲೂ ಕೂಗುವವರು. ಪ್ಲಾಟ್‌ಫಾರ್ಮಿನ ಗದ್ದಲದಲ್ಲಿ ಪಳಗಿದ ಆ ದನಿಗೆ ಮೈಕು ಬೇಕಿಲ್ಲ. ಒಂದು ಕುಂಬಳಕಾಯಿಯನ್ನು ಅವರು ಎರಡೂ ಕೈಯಲ್ಲಿ ಎತ್ತಿ ಹಿಡಿದು ಐವತ್ತು ರೂಪಾಯಿಗೆ ಕೂಗಿದರು. ಹುಳುಕಿಲ್ಲದ, ಮೈಮೇಲೆ ಬೂದಿ ಇನ್ನೂ ಅಳಿಸದ, ತೊಟ್ಟಿನ ಹತ್ತಿರ ಮಣ್ಣು ಮೆತ್ತಿಕೊಂಡಿದ್ದ ಕಾಯಿ ಅದು. ಇನ್ನೂರಕ್ಕೆ ಹಿಡಿದವರು ಹಣ ಕೊಟ್ಟು ಕಾಯಿಯನ್ನು ಮತ್ತೆ ಮೇಜಿನ ಮೇಲಿಟ್ಟು "ಇನ್ನೊಮ್ಮೆ ಕೂಗ್ರಿ ಕಾಕಾ" ಎಂದರು. ಎರಡನೆಯವರೂ ಹಾಗೆಯೇ ಮರಳಿಸಿದರು. ಆಮೇಲೆ ಸ್ತ್ರೀಯರ ಸಂಘದವರು ಒಂದು ಕಡೆ, ಗಾಯನ ಮಂಡಳಿಯವರು ಇನ್ನೊಂದು ಕಡೆ ಹಟಕ್ಕೆ ಬಿದ್ದು, "ಒಂದ್ ಸಾರಿ, ಎರಡ್ ಸಾರಿ" ಎಂದು ಕಾಕಾ ಎಳೆದೆಳೆದು ಕೂಗುವಷ್ಟರಲ್ಲಿ ಸ್ತ್ರೀಯರ ಸಂಘದವರು ಸಾವಿರದ ಗೆರೆ ದಾಟಿಸಿ ಗೆದ್ದರು. ಪೇಟೆಯ ಕಾಯಿಪಲ್ಯೆದವರು ಕೇಳಿದರೆ ಎದೆ ಒಡೆದುಕೊಳ್ಳುವ ಬೆಲೆ. ಕಾಯಿ ಕೊನೆಗೆ ಸೇರಿದ್ದು ಮಧ್ಯಾಹ್ನದ ಸಾರಿನ ಕೊಪ್ಪರಿಗೆಗೆ, ಹಣ ಸೇರಿದ್ದು ಹಳ್ಳಿಯ ಸಭೆಗಳ ಮಕ್ಕಳ ಶಾಲೆಯ ಫೀಸಿನ ನಿಧಿಗೆ.

ದೇವಾಲಯದ ಅಂಗಳವನ್ನು ಸಂತೆ ಮಾಡುವುದು ಸರಿಯೇ ಎಂದು ಕೇಳುವವರು ನಮ್ಮಲ್ಲಿ ಇದ್ದಾರೆ. ಲಕೋಟೆಯಲ್ಲಿ ಹಣ ಹಾಕಿ ಕೊಟ್ಟರೆ ಇದಕ್ಕಿಂತ ಹೆಚ್ಚೇ ಕೂಡಬಹುದು, ಗದ್ದಲವೂ ತಪ್ಪುತ್ತದೆ. ಆದರೆ ಲಕೋಟೆ ಕೊಟ್ಟವರು ಒಬ್ಬರ ಮುಖ ಒಬ್ಬರು ನೋಡದೆ ಮನೆಗೆ ಹೋಗುತ್ತಾರೆ. ವರ್ಷವಿಡೀ ಸಮಿತಿಯಲ್ಲಿ ಮಾತು ಬಿಟ್ಟಿದ್ದ ಇಬ್ಬರು ಭಾನುವಾರ ಒಂದು ಗೊನೆ ಬಾಳೆಹಣ್ಣಿಗಾಗಿ ಪೈಪೋಟಿಗೆ ಇಳಿದು, ಕೊನೆಗೆ ಗೊನೆಯನ್ನು ಅರ್ಧರ್ಧ ಕೊಯ್ದು ಹಂಚಿಕೊಂಡದ್ದನ್ನು ನಾನು ನೋಡಿದೆ. ನನಗೆ ಹಿಡಿಸದಿರುವುದು ಒಂದೇ: ಕೊನೆಯಲ್ಲಿ ಯಾರು ಎಷ್ಟು ಕೊಟ್ಟರೆಂದು ಪಟ್ಟಿ ಓದುವುದು. ಅದನ್ನು ನಿಲ್ಲಿಸಲು ಅಡ್ಡಿಯಿಲ್ಲ.

ಮಧ್ಯಾಹ್ನ ಸಭೆಯ ಊಟ, ಸಂಜೆ ಮನೆಯಲ್ಲಿ ಬೆಟಗೇರಿಯ ಅಕ್ಕ ಭಾವ, ಹುಬ್ಬಳ್ಳಿಯ ತಮ್ಮನ ಕುಟುಂಬ. ಕೋಳಿ ಸಾರು, ರೊಟ್ಟಿ, ಲಿಲಾವಿನಲ್ಲಿ ಹಿಡಿದು ತಂದ ಬದನೆಕಾಯಿಯ ಎಣ್ಣೆಗಾಯಿ. ಹಸಿ ಶೇಂಗಾ ಕುದಿಸಿ ತಿನ್ನುತ್ತ ಹನ್ನೊಂದರವರೆಗೆ ಹರಟೆ ನಡೆಯಿತು.

ಹುಣ್ಣಿಮೆಗೆ ಅಮ್ಮಿನಭಾವಿಗೆ ಹೋದಾಗ ಗೆಳೆಯನ ಮನೆಯವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿದ್ದರು. ಕಾಲೇಜಿನ ದಿನಗಳಿಂದ ಅವನ ಹೊಲದ ಊಟ ನಮ್ಮ ಮನೆಯವರಿಗೆ ವಾಡಿಕೆ, ನಮ್ಮ ಕ್ರಿಸ್‌ಮಸ್ಸಿನ ಕರ್ಚಿಕಾಯಿ ಅವನ ಮನೆಗೆ. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಕೂರಿಸಿ ಅವರು ಪೂಜೆ ಮಾಡುವಾಗ ನಾವು ಬದುವಿನ ಮೇಲೆ ನಿಲ್ಲುತ್ತೇವೆ. ನಮ್ಮ ಅಪ್ಪನ ಕಾಲದಿಂದಲೂ ಹಾಗೆಯೇ, ಅದಕ್ಕೆ ಅವರು ಬೇಸರಪಟ್ಟದ್ದೂ ಇಲ್ಲ, ನಾವು ವಿವರಣೆ ಕೊಟ್ಟದ್ದೂ ಇಲ್ಲ. ಪೂಜೆಯಾದ ಮೇಲೆ ಅವನ ಅವ್ವ ಕಡುಬು, ಹೋಳಿಗೆ, ಸಜ್ಜಿ ರೊಟ್ಟಿ, ಪುಂಡಿಪಲ್ಯೆ, ಅನ್ನ ಎಲ್ಲವನ್ನೂ ಒಂದು ಬುಟ್ಟಿಯಲ್ಲಿ ಕಲಸಿಕೊಟ್ಟರು. ಮಗ ಕೂಗು ಹಾಕುತ್ತ ಹೊಲದ ಸುತ್ತ ಚರಗ ಚೆಲ್ಲುತ್ತ ಹೋದ. ಸೀಗಿ ಹುಣ್ಣಿಮೆಯ ದಿನ ಭೂಮಿತಾಯಿ ಬಸುರಿ, ಇದು ಅವಳ ಬಯಕೆಯ ಊಟ ಎಂಬುದು ಅವರ ನಂಬಿಕೆ. ಬೆಳೆ ಇನ್ನೂ ಹೊಲದಲ್ಲಿರುವಾಗಲೇ, ಕಾಳು ಮನೆಗೆ ಬರುವ ಮೊದಲೇ, ನೆಲಕ್ಕೆ ಉಣಿಸುವ ಹಬ್ಬ.

ಗೆಳೆಯನಿಗೆ ಈ ವರ್ಷ ಹೆಸರು ಕೈ ಕೊಟ್ಟಿತ್ತು. ಕೀಳುವ ಹೊತ್ತಿಗೆ ಮಳೆ ಹಿಡಿದು, ಕಾಯಿ ಗಿಡದಲ್ಲೇ ಮೊಳೆತು, ಬಂದಷ್ಟು ಕಾಳೂ ಕರ್ರಗಾಗಿ ದರ ಸಿಗಲಿಲ್ಲ. ಅದೇ ಮಳೆಯಿಂದ ನೆಲದಲ್ಲಿ ಹಸಿ ಚೆನ್ನಾಗಿದೆ, ಕಡಲೆಗೆ ಒಳ್ಳೆಯದೇ ಎಂದೂ ಅವನೇ ಅಂದ. ನವಲಗುಂದದ ಹಿರಿಯರ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಅಲ್ಲಿ. ಜನವರಿಯಲ್ಲಿ, ರಾಶಿಯ ಮುಂದೆ ನಿಂತು, ಲೆಕ್ಕವೆಲ್ಲ ತಿಳಿದ ಮೇಲೆ ಹೇಳುವ ಕೃತಜ್ಞತೆಯಲ್ಲಿ ತಪ್ಪೇನೂ ಇಲ್ಲ. ಆದರೆ ಒಂದು ಬೆಳೆ ಕೆಟ್ಟು, ಇನ್ನೊಂದು ನೆಲದೊಳಗೆ ಹೋಗುವ ಹೊತ್ತಿನಲ್ಲಿ ಹೇಳುವುದು ಈ ಮಣ್ಣಿಗೆ ಹೆಚ್ಚು ಹೊಂದುತ್ತದೆ. ಓಣಿಯವರು ಬನ್ನಿ ಕೊಡುವುದೂ, ಗೆಳೆಯ ಚರಗ ಚೆಲ್ಲುವುದೂ ಇದೇ ವಾರ. ಅಕ್ಟೋಬರಿನ ದಿನ ಜರ್ಮನಿಯಿಂದ ಬಂದಿರಬಹುದು, ಇಷ್ಟು ವರ್ಷಗಳಲ್ಲಿ ಅದು ಇಲ್ಲಿಯದೇ ಆಗಿದೆ.

ಹಿರಿಯರ ಮಾತಿಗೆ ಮರ್ಯಾದೆ ಕೊಡುವ ದಾರಿಯೂ ಇದೆ. ಹಳ್ಳಿಯ ಸಭೆಗಳು ತಮ್ಮ ಜೋಳದ ರಾಶಿ ಆದಾಗಲೇ ಹಬ್ಬ ಮಾಡಲಿ, ಪೇಟೆಯವರಾದ ನಾವು ಅಂದು ಅಲ್ಲಿಗೆ ಹೋಗೋಣ. ಧಾರವಾಡದ ಹಬ್ಬ ಅಕ್ಟೋಬರಿನಲ್ಲೇ ಉಳಿಯಲಿ; ಆದರೆ ಮುಂದಿನ ವರ್ಷದಿಂದ ಕೊಯ್ದ ಬೆಳೆಯ ಜೊತೆಗೆ, ಬಿತ್ತಲಿರುವ ಜೋಳ ಕಡಲೆಗಳ ಬೀಜವನ್ನೂ ರೈತರು ವೇದಿಕೆಯ ಮುಂದೆ ತಂದಿಟ್ಟು, ಪ್ರಾರ್ಥನೆಯಾದ ಮೇಲೆ ಒಯ್ದು ಬಿತ್ತಲಿ. ಆ ಚೀಲಗಳನ್ನು ಮಾತ್ರ ಕಾಕಾನ ಲಿಲಾವಿಗೆ ಹಚ್ಚುವುದು ಬೇಡ. ಬರುವ ಸಮಿತಿಯ ಸಭೆಯಲ್ಲಿ ಇದನ್ನೇ ಬರೆದು ಕೊಡುತ್ತೇನೆ. ಅದಕ್ಕೆ ಮೊದಲು ಒಮ್ಮೆ ನವಲಗುಂದದ ಹಿರಿಯರ ಮನೆಗೆ ಹೋಗಿ, ಚಹಾ ಕುಡಿದು, ಅವರ ಒಪ್ಪಿಗೆ ಕೇಳಬೇಕು.