ಏಳು ಗಿಡ್ಡ, ಒಂದು ಉದ್ದ

ಹಡಗಿನ ಸೈರನ್ ಏಳು ಸಲ ಗಿಡ್ಡಕ್ಕೆ ಕೂಗಿ, ಎಂಟನೆಯ ಸಲ ಉದ್ದಕ್ಕೆ ಎಳೆದರೆ ಅದು ತುರ್ತು ಕರೆ. ಯಾವ ದೇಶದ ಬಾವುಟದ ಪ್ರಯಾಣಿಕ ಹಡಗಾದರೂ ಇದರ ಅರ್ಥ ಒಂದೇ: ನಿಮಗೆ ಗೊತ್ತುಮಾಡಿರುವ ಮಸ್ಟರ್ ಸ್ಟೇಷನ್ನಿಗೆ, ಅಂದರೆ ತುರ್ತಿನಲ್ಲಿ ಎಲ್ಲರೂ ಕೂಡಬೇಕಾದ ಜಾಗಕ್ಕೆ, ಹೋಗಿ ಸೇರಿ. ಲೈಫ್‌ಬೋಟಿಗೆ ನುಗ್ಗಿ ಎಂದಲ್ಲ, ನೀರಿಗೆ ಹಾರಿ ಎಂದಂತೂ ಅಲ್ಲವೇ ಅಲ್ಲ. ಹಡಗು ಬಿಡುವ ಆದೇಶ ಬೇರೆ. ಅದನ್ನು ಕ್ಯಾಪ್ಟನ್ ಕೊಡಬೇಕು.

ಮಳೆಗಾಲ ಕಳೆದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬರುತ್ತವೆ. ಅದರಲ್ಲಿ ಬಂದವರು ಕುದ್ರೋಳಿ, ಮೂಡುಬಿದಿರೆ ನೋಡಿಕೊಂಡು ಸಂಜೆಗೆ ಹಡಗು ಹತ್ತುತ್ತಾರೆ. ಈಗೀಗ ನಮ್ಮ ಊರಿನ ಕುಟುಂಬಗಳೂ ಮುಂಬೈಗೋ ಕೊಚ್ಚಿಗೋ ಹೋಗಿ ಕ್ರೂಸ್ ಹತ್ತುತ್ತಿವೆ. ಅಜ್ಜ, ಅಜ್ಜಿ, ಇಬ್ಬರು ಮಕ್ಕಳು, ನಾಲ್ಕು ಸೂಟ್‌ಕೇಸ್. ಹತ್ತಿದ ಕೂಡಲೇ ಎಲ್ಲರಿಗೂ ಬುಫೆಯ ಕಡೆಗೇ ಗಮನ. ಆ ಮೊದಲ ಒಂದು ಗಂಟೆಯಲ್ಲಿ ಮಾಡಬೇಕಾದ ಬೇರೆ ಕೆಲಸಗಳಿವೆ. ಹಡಗಿನವರು ಎಷ್ಟೇ ಚುರುಕಾಗಿದ್ದರೂ ಅವನ್ನು ನಿಮ್ಮ ಪರವಾಗಿ ಮಾಡಲು ಅವರಿಂದ ಆಗುವುದಿಲ್ಲ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಮೊದಲನೆಯದು ಮಸ್ಟರ್ ಡ್ರಿಲ್, ಅಂದರೆ ತುರ್ತಿನಲ್ಲಿ ಏನು ಮಾಡಬೇಕೆಂಬ ತಾಲೀಮು. 2012ರ ಜನವರಿ 13ರ ರಾತ್ರಿ ಇಟಲಿಯ ಜಿಲಿಯೋ ದ್ವೀಪದ ಹತ್ತಿರ ಕೋಸ್ಟಾ ಕಾನ್‌ಕಾರ್ಡಿಯಾ ಎಂಬ ಕ್ರೂಸ್ ಹಡಗು ಬಂಡೆಗೆ ಬಡಿದಾಗ ಅದರಲ್ಲಿ 4,229 ಜನ ಇದ್ದರು. ಅದೇ ದಿನ ಸಂಜೆ ಹತ್ತಿದ ಸುಮಾರು 700 ಮಂದಿಗೆ ಇನ್ನೂ ಡ್ರಿಲ್ ಆಗಿರಲಿಲ್ಲ. ಹತ್ತಿದ 24 ಗಂಟೆಯೊಳಗೆ ಮಾಡಿದರೆ ಸಾಕು ಎಂದು ಆಗಿನ ನಿಯಮ ಇತ್ತು. ಹಡಗು ಬಿಡುವ ಆದೇಶ ಬರುವಷ್ಟರಲ್ಲಿ ಒಂದು ಗಂಟೆಗೂ ಹೆಚ್ಚು ಹೊತ್ತು ಕಳೆದು, ಹಡಗು ವಾಲಿ, ಒಂದು ಪಕ್ಕದ ಬೋಟುಗಳನ್ನು ಇಳಿಸುವುದೇ ಕಷ್ಟವಾಗಿತ್ತು. 32 ಜನ ಸತ್ತರು. ಆ ಮೇಲೆ ಕಡಲಯಾನದ ಸುರಕ್ಷತೆಯ ಅಂತಾರಾಷ್ಟ್ರೀಯ ಒಪ್ಪಂದವಾದ ಸೋಲಾಸ್ ತಿದ್ದುಪಡಿಯಾಗಿ, 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಡ್ರಿಲ್ ಆಗಲೇಬೇಕು ಎಂದಾಯಿತು. ಈಗ ಎಷ್ಟೋ ಹಡಗುಗಳಲ್ಲಿ ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವುದಿಲ್ಲ. ಮೊಬೈಲಿನಲ್ಲೋ ಕ್ಯಾಬಿನ್ನಿನ ಟಿವಿಯಲ್ಲೋ ವಿಡಿಯೋ ನೋಡಿ, ಸ್ಟೇಷನ್ನಿಗೆ ಹೋಗಿ ಕಾರ್ಡು ಸ್ಕ್ಯಾನ್ ಮಾಡಿಸಿದರೆ ಮುಗಿಯಿತು. ಸುಲಭವಾಗಿರುವುದರಿಂದಲೇ ಜನ ವಿಡಿಯೋವನ್ನು ಓಡಲು ಬಿಟ್ಟು ಸೂಟ್‌ಕೇಸ್ ಬಿಚ್ಚುತ್ತಾ ಕೂರುತ್ತಾರೆ. ಹಾಗೆ ಮಾಡಬೇಡಿ. ಅಜ್ಜಿಗೆ ಇಂಗ್ಲಿಷ್ ಬಾರದಿದ್ದರೆ ಪಕ್ಕದಲ್ಲಿ ಕೂತು ಕನ್ನಡದಲ್ಲೋ ತುಳುವಿನಲ್ಲೋ ಹೇಳಿಕೊಡಿ.

ಸ್ಟೇಷನ್ನಿನ ನಂಬರು ಕ್ಯಾಬಿನ್ ಬಾಗಿಲಿನ ಒಳಬದಿಯಲ್ಲೂ ಸಾಮಾನ್ಯವಾಗಿ ಕೀ ಕಾರ್ಡಿನ ಮೇಲೂ ಇರುತ್ತದೆ. ನಂಬರು ಬಾಯಿಪಾಠವಾದರೆ ಸಾಲದು, ಮನೆಯವರೆಲ್ಲ ಒಟ್ಟಿಗೆ ಒಮ್ಮೆ ನಡೆದುಕೊಂಡೇ ಅಲ್ಲಿಗೆ ಹೋಗಿ ಬನ್ನಿ, ಲಿಫ್ಟಿನಲ್ಲಿ ಅಲ್ಲ. ತುರ್ತಿನ ಹೊತ್ತಿಗೆ ಲಿಫ್ಟ್ ಬಳಸುವಂತಿಲ್ಲ. ಕರೆಂಟು ಹೋದರೆ ಒಳಗಿದ್ದವರು ಅಲ್ಲೇ ಬಾಕಿ. ಅಜ್ಜನಿಗೆ ಮಂಡಿನೋವಿದ್ದು ನಾಲ್ಕು ಡೆಕ್ (ಹಡಗಿನ ಮಹಡಿ) ಹತ್ತಲು ಆಗದು ಎನ್ನುವುದು ಆವತ್ತೇ ಗೊತ್ತಾದರೆ ರಿಸೆಪ್ಷನ್ನಿನಲ್ಲಿ ಹೆಸರು ಬರೆಸಬಹುದು. ಸಹಾಯ ಬೇಕಾದವರ ಪಟ್ಟಿ ಅವರಲ್ಲಿರುತ್ತದೆ, ಕರೆದೊಯ್ಯಲು ಸಿಬ್ಬಂದಿಯೂ ಇರುತ್ತಾರೆ. ಹೇಳದಿದ್ದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಕ್ಯಾಬಿನ್ನಿನಿಂದ ಹತ್ತಿರದ ಮೆಟ್ಟಿಲಿಗೆ ಎಷ್ಟು ಬಾಗಿಲು ಎಂದು ಗೋಡೆಯ ಹಿಡಿಕಂಬಿಯ ಮೇಲೆ ಕೈಯಾಡಿಸುತ್ತಾ ಎಣಿಸಿಡಿ. ಹೊಗೆ ತುಂಬಿದ ಕಾರಿಡಾರಿನಲ್ಲಿ ಕಣ್ಣು ಪ್ರಯೋಜನಕ್ಕೆ ಬರುವುದಿಲ್ಲ. ಹೊಗೆ ಮೇಲಕ್ಕೇರುವುದರಿಂದ ದಾರಿ ತೋರಿಸುವ ಹೊಳೆಯುವ ಪಟ್ಟಿಯನ್ನು ಕಾಲಬುಡದಲ್ಲಿ, ನೆಲದಿಂದ 30 ಸೆಂಟಿಮೀಟರ್ ಒಳಗೆ ಹಾಕಿರುತ್ತಾರೆ. ಬಗ್ಗಿಕೊಂಡು, ಬೇಕಾದರೆ ತೆವಳಿಕೊಂಡು ಆ ಪಟ್ಟಿ ಹಿಡಿದು ಹೋಗಬೇಕು. ಸಾಮಾನು ತರಲು ಕ್ಯಾಬಿನ್ನಿಗೆ ವಾಪಸ್ಸು ಓಡುವವರು ದಾರಿಗೆ ಅಡ್ಡವಾಗುತ್ತಾರೆ, ತಾವೂ ಸಿಕ್ಕಿಬೀಳುತ್ತಾರೆ.

ಲೈಫ್‌ಜಾಕೆಟ್ ಕೆಲವು ಹಡಗುಗಳಲ್ಲಿ ಕ್ಯಾಬಿನ್ನಿನ ಕಪಾಟಿನಲ್ಲಿರುತ್ತದೆ, ಹೊಸ ಹಡಗುಗಳಲ್ಲಿ ಹೆಚ್ಚಾಗಿ ಮಸ್ಟರ್ ಸ್ಟೇಷನ್ನಿನಲ್ಲೇ ಕೊಡುತ್ತಾರೆ. ಕಪಾಟಿನಲ್ಲಿದ್ದರೆ ತೆಗೆದು ತಲೆಗೊಂದು ಇದೆಯೇ ಎಂದು ಎಣಿಸಿ. ಅಳತೆ ವಯಸ್ಸಿನ ಮೇಲಲ್ಲ, ತೂಕ ಮತ್ತು ಎತ್ತರದ ಮೇಲೆ. 15 ಕಿಲೋಗಿಂತ ಕಡಿಮೆಯಿದ್ದರೆ ಶಿಶುವಿನದು, 15ರಿಂದ 43 ಕಿಲೋವರೆಗೆ ಮಗುವಿನದು, ಅದಕ್ಕಿಂತ ಮೇಲೆ ದೊಡ್ಡವರದು. ಹತ್ತು ವರ್ಷದ ಹುಡುಗ ದಪ್ಪಗಿದ್ದು 45 ಕಿಲೋ ತೂಗಿದರೆ ಅವನಿಗೆ ದೊಡ್ಡವರದೇ ಬೇಕು. ಮಗುವಿನ ಜಾಕೆಟ್ ಇಲ್ಲದಿದ್ದರೆ ಕ್ಯಾಬಿನ್ ಸ್ಟೀವರ್ಡನ್ನು ಆವತ್ತೇ ಕೇಳಿ ಪಡೆಯಿರಿ. ದೊಡ್ಡವರದನ್ನೇ ಬಿಗಿಯಾಗಿ ಕಟ್ಟಿದರಾಯಿತು ಎನ್ನುವುದು ತಪ್ಪು. ನೀರಿನಲ್ಲಿ ಜಾಕೆಟ್ ಮೇಲೆ ತೇಲುತ್ತದೆ, ಮಗು ಕೆಳಗೆ ಜಾರುತ್ತದೆ.

ಹಾಕುವ ಕ್ರಮ ಹೀಗೆ. ತಲೆ ತೂರಿಸಿ, ಬೆನ್ನಿನ ಹಿಂದಿನಿಂದ ಪಟ್ಟಿಯನ್ನು ಸುತ್ತಿ ತಂದು, ಮುಂದೆ ಕ್ಲಿಪ್ಪಿಗೆ 'ಟಕ್' ಎನ್ನುವಂತೆ ಸಿಕ್ಕಿಸಿ, ತುದಿಯನ್ನು ಎಳೆದು ಬಿಗಿ ಮಾಡಿ. ಆಮೇಲೆ ಇನ್ನೊಬ್ಬರು ಭುಜದ ಹತ್ತಿರ ಜಾಕೆಟನ್ನು ಹಿಡಿದು ಮೇಲಕ್ಕೆತ್ತಲಿ. ಅದು ಗಲ್ಲ ದಾಟಿ ಕಿವಿಯವರೆಗೆ ಬಂದರೆ ಸಡಿಲವಾಗಿದೆ ಎಂದೇ ಅರ್ಥ. ಸೀರೆ ಉಟ್ಟವರು ಸೆರಗನ್ನು ಮೊದಲು ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಅದರ ಮೇಲಿನಿಂದ ಜಾಕೆಟ್ ಹಾಕಬೇಕು. ಚೂಡಿದಾರದ ಶಾಲನ್ನು ತೆಗೆದೇ ಇಡಬೇಕು. ಮೆಟ್ಟಿಲು ಹತ್ತುವಾಗ ನೆರಿಗೆಯನ್ನು ಒಂದು ಗೇಣು ಎತ್ತಿ ಸಿಕ್ಕಿಸಿಕೊಂಡರೆ ಎಡವುವುದು ತಪ್ಪುತ್ತದೆ. ಜಾಕೆಟಿನಲ್ಲಿ ಸೀಟಿ ಎಲ್ಲಿದೆ, ದೀಪ ಎಲ್ಲಿದೆ ಎಂದು ಕೈಯಿಂದಲೇ ತಡಕಿ ಗುರುತಿಟ್ಟುಕೊಳ್ಳಿ. ಕತ್ತಲಲ್ಲಿ ಹುಡುಕಿಕೊಡುವುದು ಅವೆರಡೇ.

ಡ್ರಿಲ್‌ನಲ್ಲಿ ಹೇಳದ, ಆದರೆ ತಂದೆತಾಯಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಮಗು ಕಿಡ್ಸ್ ಕ್ಲಬ್ಬಿನಲ್ಲಿರುವಾಗ ಸೈರನ್ ಆದರೆ ಯಾರು ಎಲ್ಲಿಗೆ ಹೋಗಬೇಕು? ಎಷ್ಟೋ ಹಡಗುಗಳಲ್ಲಿ ಮಗುವಿನ ಕೈಗೆ ಸ್ಟೇಷನ್ ನಂಬರಿನ ಪಟ್ಟಿ ಕಟ್ಟುತ್ತಾರೆ, ಅಲ್ಲಿನ ಸಿಬ್ಬಂದಿಯೇ ಕರೆದುತರುತ್ತಾರೆ. ನಿಮ್ಮ ಹಡಗಿನಲ್ಲಿ ಹೇಗೆ ಎಂದು ಮೊದಲ ದಿನ ಕೇಳಿದ್ದರೆ, ಆ ಹೊತ್ತಿಗೆ ಜನರ ಎದುರು ನುಗ್ಗಿ ಮಗುವನ್ನು ಹುಡುಕುತ್ತಾ ಹೋಗುವ ಪ್ರಮೇಯ ಬರುವುದಿಲ್ಲ.

ಇನ್ನು ಬಾಲ್ಕನಿ. ಅಮೆರಿಕದ 2010ರ ಕಾಯಿದೆ ಕ್ರೂಸ್ ಹಡಗುಗಳ ಕಟಕಟೆ 42 ಇಂಚು ಎತ್ತರ ಇರಬೇಕು ಎನ್ನುತ್ತದೆ. ಅಂದರೆ ಸಾಧಾರಣ ಎತ್ತರದವರ ಹೊಕ್ಕುಳಿಗಿಂತ ಮೇಲೆ. ನೆಲದ ಮೇಲೆ ಎರಡೂ ಕಾಲೂರಿ ನಿಂತವರು ಅದರಿಂದ ಸುಮ್ಮನೆ ಬೀಳುವುದು ಕಷ್ಟ. ಹತ್ತಿದವರು, ಕೂತವರು, ಕುಡಿದು ಬಗ್ಗಿದವರು, ಸೆಲ್ಫಿಗೆಂದು ಹೊರಗೆ ಚಾಚಿದವರು ಬೀಳುತ್ತಾರೆ. ಚಿಕ್ಕ ಮಕ್ಕಳಿದ್ದರೆ ಬಾಲ್ಕನಿಯ ಕುರ್ಚಿ, ಟೀಪಾಯಿಯನ್ನು ಕಟಕಟೆಯಿಂದ ದೂರಕ್ಕೆ, ಗೋಡೆಗೆ ಒತ್ತಿ ಇಡಿ. ಕುರ್ಚಿಯ ಮೇಲೆ ನಿಂತ ನಾಲ್ಕು ವರ್ಷದ ಮಗುವಿಗೆ ಆ 42 ಇಂಚು ಲೆಕ್ಕಕ್ಕೇ ಇಲ್ಲ. ಇನ್ನೊಂದು ಸಂಗತಿ: ಬಾಲ್ಕನಿ ಬಾಗಿಲೂ ಕಾರಿಡಾರ್ ಬಾಗಿಲೂ ಒಟ್ಟಿಗೆ ತೆರೆದರೆ ಕಡಲಗಾಳಿ ನುಗ್ಗಿ ಬಾಗಿಲು ಬಡಿದು ಬೆರಳು ಜಜ್ಜಿಹೋಗುತ್ತದೆ. ಒಂದನ್ನು ಮುಚ್ಚಿಯೇ ಇನ್ನೊಂದನ್ನು ತೆರೆಯಿರಿ.

ಯಾರಾದರೂ ನೀರಿಗೆ ಬಿದ್ದದ್ದನ್ನು ಕಂಡರೆ? 20 ನಾಟ್ ವೇಗದ ಹಡಗು ಒಂದು ನಿಮಿಷಕ್ಕೆ 600 ಮೀಟರಿಗಿಂತ ಹೆಚ್ಚು ಮುಂದೆ ಹೋಗುತ್ತದೆ. ಅಷ್ಟು ದೂರದಿಂದ ಅಲೆಗಳ ನಡುವೆ ಮನುಷ್ಯನ ತಲೆ ತೇಲುವ ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಆದ್ದರಿಂದ 'ಮ್ಯಾನ್ ಓವರ್‌ಬೋರ್ಡ್' ಎಂದು ಗಟ್ಟಿಯಾಗಿ ಕೂಗಿ, ಹತ್ತಿರದ ಲೈಫ್‌ಬಾಯ್ (ನೀರಿನಲ್ಲಿ ತೇಲುವ ರಕ್ಷಣಾ ಬಳೆ) ಕಿತ್ತು ಎಸೆದು, ಬೆರಳನ್ನು ಆ ವ್ಯಕ್ತಿಯ ಕಡೆಗೇ ತೋರಿಸುತ್ತಾ ನಿಲ್ಲಿ. ಫೋನು ಮಾಡಲು ಬೇರೆಯವರನ್ನು ಓಡಿಸಿ, ನಿಮ್ಮ ಕಣ್ಣು ಕದಲಬಾರದು. ಹಾರಿ ಕಾಪಾಡಲು ಹೋದರೆ ಹುಡುಕಬೇಕಾದವರು ಇಬ್ಬರಾಗುತ್ತಾರೆ, ಅಷ್ಟೆ. ಹಡಗು ನಡೆಸುವ ಬ್ರಿಡ್ಜಿನವರು ಅದನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮತ್ತೆ ಇನ್ನೊಂದು ಪಕ್ಕಕ್ಕೆ ಬಳಸಿ, ಬಂದ ದಾರಿಯಲ್ಲೇ ವಾಪಸ್ಸು ತರುತ್ತಾರೆ. ಅದಕ್ಕೆ ಸಮಯ ಬೇಕು, ಆ ಹೊತ್ತಿಗೆ ನಿಮ್ಮ ಬೆರಳೇ ಅವರಿಗೆ ಗುರುತು.

ಕಡಲಿನಲ್ಲಿ ನೀರಿಗಿಂತ ಹೆಚ್ಚು ಹೆದರಬೇಕಾದದ್ದು ಬೆಂಕಿಗೆ. 2006ರ ಮಾರ್ಚ್ 23ರಂದು ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಒಂದು ಬಾಲ್ಕನಿಯಲ್ಲಿ ಹತ್ತಿದ ಬೆಂಕಿ ನೋಡನೋಡುತ್ತಾ ಮೇಲಿನ ಡೆಕ್‌ಗಳಿಗೂ ಹಬ್ಬಿತು. ಹೊಗೆಯಿಂದ ಒಬ್ಬ ಪ್ರಯಾಣಿಕರು ಸತ್ತರು. ಯಾರೋ ಎಸೆದ ಸಿಗರೇಟು ಕಾರಣವಿರಬೇಕು ಎಂದು ತನಿಖೆ ಹೇಳಿತು. ಹೊರಗೆಸೆದ ಸಿಗರೇಟು ನೀರಿಗೆ ಬೀಳುತ್ತದೆ ಎಂದುಕೊಳ್ಳುತ್ತೇವೆ, ಗಾಳಿ ಅದನ್ನು ಕೆಳಗಿನ ಬಾಲ್ಕನಿಯ ಟವಲಿನ ಮೇಲೆ ತಂದು ಹಾಕುತ್ತದೆ.

ನಮ್ಮವರ ಬ್ಯಾಗಿನಲ್ಲಿ ಸಿಕ್ಕಿ ಜಪ್ತಿಯಾಗುವ ವಸ್ತುಗಳು ಬೇರೆ: ಅಜ್ಜನ ಗಂಜಿಗೆಂದು ಪುಟ್ಟ ರೈಸ್ ಕುಕ್ಕರ್, ಬಿಸಿನೀರಿನ ಕೆಟಲ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಶನ್ ಬೋರ್ಡು. ಬೋರ್ಡಿನಲ್ಲಿ ಏನು ತಪ್ಪು ಎಂದು ವಾದ ಮಾಡುವವರಿದ್ದಾರೆ. ಹಡಗಿನ ವೈರಿಂಗ್ ಮನೆಯದರಂತಲ್ಲ. ಸಾಮಾನ್ಯವಾಗಿ ಎರಡೂ ತಂತಿಗಳಲ್ಲಿ ಕರೆಂಟ್ ಇರುತ್ತದೆ. ಮನೆಗಾಗಿ ಮಾಡಿದ ಬೋರ್ಡಿನೊಳಗಿನ ಸರ್ಜ್ ಪ್ರೊಟೆಕ್ಟರ್ (ವೋಲ್ಟೇಜ್ ದಿಢೀರ್ ಏರಿದಾಗ ಕಾಪಾಡುವ ಭಾಗ) ಅಲ್ಲಿ ಕಾದು ಹೊತ್ತಿಕೊಳ್ಳಬಹುದು. ಕ್ಯಾಬಿನ್ನಿನಲ್ಲಿ ಸಂಜೆ ದೀಪ ಹಚ್ಚುವುದು, ಊದುಬತ್ತಿ ಹಚ್ಚುವುದು ಎರಡೂ ನಿಷಿದ್ಧ. ದೇವರ ಕೆಲಸವೆಂದು ಗುಟ್ಟಾಗಿ ಮಾಡಬೇಡಿ, ಕೈಮುಗಿದರೆ ಸಾಕು. ಗಂಜಿ ಬೇಕಾದರೆ ಅಡುಗೆಯವರಿಗೆ ಹೇಳಿ ನೋಡಿ, ಎಷ್ಟೋ ಸಲ ಮಾಡಿಕೊಡುತ್ತಾರೆ.

ಹೊಟ್ಟೆಯ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ವಾಂತಿಭೇದಿ ತರುವ ನೊರೋವೈರಸ್‌ಗೆ ಸ್ಯಾನಿಟೈಸರ್ ಸಾಲದು, ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಬೇಕು. ವಾಂತಿಭೇದಿ ಶುರುವಾದರೆ ಕ್ಯಾಬಿನ್ನಿನಲ್ಲೇ ಇರಿಸುತ್ತಾರೆಂದು ಮುಚ್ಚಿಡದೆ ಡಾಕ್ಟರಿಗೆ ಹೇಳಿ. ಬಿಪಿ, ಶುಗರ್ ಮಾತ್ರೆಗಳು ಕೈಚೀಲದಲ್ಲೇ ಇರಲಿ, ದೊಡ್ಡ ಸೂಟ್‌ಕೇಸ್ ಕ್ಯಾಬಿನ್ ತಲುಪಲು ಕೆಲವು ಗಂಟೆ ಹಿಡಿಯುತ್ತದೆ. ಹೊರ ಡೆಕ್ಕಿನ ಬಾಗಿಲಿಗೆ ಎತ್ತರದ ಹೊಸ್ತಿಲಿರುತ್ತದೆ, ವಯಸ್ಸಾದವರು ಎಡವುವುದು ಅಲ್ಲೇ.

ಕೊನೆಗೆ ಬೋಟ್ ಬದಲಿಸುವ ವಿಷಯ. ಲಕ್ಷದ್ವೀಪದಂಥ ಕಡೆ ದೊಡ್ಡ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಚಿಕ್ಕ ಬೋಟಿನಲ್ಲಿ ದಡ ಸೇರಬೇಕು. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರಿಗೆ ಇದು ಗೊತ್ತಿರುವ ಸಂಗತಿ. ಅಲ್ಲೂ ನೀರು ಆಳವಿಲ್ಲದ ಕಡೆ ಬೋಟು ಬದಲಿಸಬೇಕು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಗಿಂತ ಹೆಚ್ಚು ಜನರನ್ನು ಹತ್ತಿಸಿಕೊಂಡ ಪ್ರವಾಸಿ ಬೋಟು ಮಗುಚಿ 22 ಮಂದಿ ಸತ್ತರು. ಬೋಟು ತುಂಬಿದೆ ಎನಿಸಿದರೆ ಮುಂದಿನದಕ್ಕೆ ಕಾಯಿರಿ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಒಂದೇ ಪಕ್ಕಕ್ಕೆ ಎದ್ದು ಹೋಗಬೇಡಿ. ದಾಟುವಾಗ ಎರಡೂ ಕೈ ಖಾಲಿ ಇರಲಿ, ಮೊಬೈಲು ಜೇಬಿಗೆ, ಮಗು ಸಿಬ್ಬಂದಿಯ ಕೈಗೆ. ಬೋಟಿನ ಕೆಲಸದ ಕಳಾಸಿ ಕೈ ಚಾಚಿದರೆ ಅವರ ಬೆರಳನ್ನಲ್ಲ, ಮುಂಗೈಯನ್ನು ಹಿಡಿಯಿರಿ, ಅವರೂ ನಿಮ್ಮ ಮುಂಗೈಯನ್ನೇ ಹಿಡಿಯುತ್ತಾರೆ. ಹಾಗೆ ಹಿಡಿದದ್ದು ಒದ್ದೆಯಾದರೂ ಜಾರುವುದಿಲ್ಲ. ತೆರೆ ಬಂದು ಎರಡು ಬೋಟುಗಳ ಅಂಚೂ ಸಮವಾಗಿ, ಕಳಾಸಿ 'ಹಾಂ, ಬನ್ನಿ' ಎಂದಾಗ ಒಂದೇ ಹೆಜ್ಜೆಗೆ ದಾಟಿ. ಒಂದು ಕಾಲು ಅಲ್ಲಿ, ಒಂದು ಕಾಲು ಇಲ್ಲಿ ಇಟ್ಟು ಯೋಚಿಸುತ್ತಾ ನಿಂತರೆ ಅಷ್ಟರಲ್ಲಿ ಬೋಟುಗಳು ಬೇರೆಯಾಗಿರುತ್ತವೆ.